ಮುಳ್ಳು ಇಳಿದ ಮಧ್ಯಾಹ್ನ

ಮೊನ್ನೆ ದೇವರಾಜ ಮೊಹಲ್ಲಾದ ಒಂದು ಗ್ಯಾರೇಜಿನ ಮುಂದೆ ಹಾದುಹೋಗುವಾಗ ಸುಟ್ಟ ಎಂಜಿನ್ ಎಣ್ಣೆಯ ವಾಸನೆ ಬಂತು. ಅಲ್ಲೇ ಒಂದು ಜಗಲಿಯ ಮೇಲೆ ಕೂತುಬಿಟ್ಟೆ. ಮೂವತ್ತು ವರ್ಷದ ಮೇಲಾಯಿತು...

ನಜರ್‌ಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಡ್ರೈವರು ಇದ್ದರು. ಕ್ರೈಸ್ತರು, ನನಗಿಂತ ಹದಿನೈದು ವರ್ಷ ದೊಡ್ಡವರು. ವಕೀಲಿಕೆಯ ಹೊಸತರಲ್ಲಿ ನಾನೊಂದು ಹಳೇ ಮೋಟಾರು ಕೊಂಡಾಗ ಓಡಿಸಲು ಅವರನ್ನೇ ಕರೆದೆ. ಮೊದಲ ದಿನ ಹೊರಟು ಸ್ವಲ್ಪ ಹೊತ್ತಿಗೆ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿದದ್ದು ಕಂಡು ನಾನು ಗಾಬರಿಯಾದೆ. ಅವರು ನಕ್ಕರು. ತಣ್ಣಗಿದ್ದಾಗ ಎಣ್ಣೆ ಮಂದ, ಸಂದುಗಳಲ್ಲಿ ಬೇಗ ಹರಿಯದು, ಅದಕ್ಕೇ ಒತ್ತಡ ಹೆಚ್ಚು. ಎಂಜಿನ್ ಕಾದಂತೆ ಎಣ್ಣೆ ತೆಳ್ಳಗಾಗಿ ಮುಳ್ಳು ಇಳಿದು ಒಂದು ಕಡೆ ನಿಲ್ಲುತ್ತದೆ ಎಂದರು. ಅಲ್ಲಿಯೂ ನಿಲ್ಲದೆ ಇಳಿದರೆ, ವೇಗ ಹೆಚ್ಚಿಸಿದರೂ ಏಳದಿದ್ದರೆ, ಆ ಕ್ಷಣವೇ ಗಾಡಿ ನಿಲ್ಲಿಸಬೇಕು ಎಂದೂ ಹೇಳಿದರು. ಈ ಎರಡನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲನೆಯದನ್ನು ಮಾತ್ರ ಸ್ನೇಹಿತರ ಮುಂದೆಲ್ಲ ಹೇಳಿಕೊಂಡು ಮೆರೆದೆ.

ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ನಂಜನಗೂಡಿನ ತವರಿನಲ್ಲಿದ್ದಳು. ನೋವು ಶುರುವಾಗಿ ಒಂದು ದಿನ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಮೈಸೂರಿನ ಆಸ್ಪತ್ರೆಗೆ ಸಾಗಿಸಲು ನಾನೂ ಡ್ರೈವರೂ ಮೋಟಾರಿನಲ್ಲಿ ಹೋದೆವು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅವಳು ಮಲಗಿದ್ದಳು. ಉರಿಬಿಸಿಲು. ಕಡಕೊಳ ದಾಟುತ್ತಿದ್ದಂತೆ ಡ್ರೈವರು ಗಾಡಿಯ ವೇಗ ತಗ್ಗಿಸಿದರು.

“ಸ್ವಾಮಿ, ಮುಳ್ಳು ತೀರಾ ಇಳಿದೋಗಿದೆ. ಎಣ್ಣೆ ಎಲ್ಲೋ ಸೋರ್ತಾ ಇರ್ಬೇಕು. ಡಬ್ಬದಲ್ಲಿ ಎಣ್ಣೆ ಇದೆ, ಹತ್ತು ನಿಮಿಷ ನಿಲ್ಲಿಸಿ ಉಯ್ದುಬುಡ್ತೀನಿ.”

ಹಿಂದೆ ಅವಳು ನರಳಿದಳು.

“ಬಿಸಿ ಆದ್ರೆ ಇಳಿಯುತ್ತೆ ಅಂತ ನೀವೇ ಹೇಳಿದ್ರಲ್ಲ” ಎಂದೆ.

“ಇದು ಆ ಇಳಿತ ಅಲ್ಲ ಸ್ವಾಮಿ.”

“ನಡೀರಿ ಅಂದ್ರೆ ನಡೀರಿ.”

ಅವರು ನಡೆಸಿದರು. ಎರಡು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ಒಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದಾಯಿತು, ಸುಟ್ಟ ವಾಸನೆ ಬಂತು, ಗಾಡಿ ನಿಂತಿತು. ಮುಂದೆ ಹ್ಯಾಂಡಲ್ ಹಾಕಿ ಎಷ್ಟು ತಿರುಗಿಸಿದರೂ ಎಂಜಿನ್ ಅಲುಗಲಿಲ್ಲ. ಕೊನೆಗೆ ಒಂದು ಎತ್ತಿನ ಗಾಡಿ ಸಿಕ್ಕಿತು, ಅವಳನ್ನು ಅದರಲ್ಲಿ ಮಲಗಿಸಿದೆವು. ಆ ಬಿಸಿಲಿನಲ್ಲಿ ಡ್ರೈವರು ಗಾಡಿಯ ಪಕ್ಕದಲ್ಲೇ, ಚಪ್ಪಲಿಯೂ ಇಲ್ಲದೆ ನಡೆದರು. ಅರಮನೆಯ ಗೋಪುರ ಕಾಣುವ ಹೊತ್ತಿಗೆ ಅವಳ ನರಳಾಟ ನಿಂತುಹೋಗಿತ್ತು... ಮಗುವೂ ಉಳಿಯಲಿಲ್ಲ.

ಬಂದವರೆಲ್ಲ ಏನಾಯಿತೆಂದು ಕೇಳಿದರು. ಡ್ರೈವರು ಎಣ್ಣೆ ನೋಡಿಕೊಂಡಿರಲಿಲ್ಲ ಎಂದೆ. ಮಗಳ ಮುಖ ಬಿಟ್ಟು ಬೇರೇನೂ ಕಾಣದಿದ್ದ ಅತ್ತೆ ಅದನ್ನೇ ನಂಬಿದರು. ಊರೂ ನಂಬಿತು. ವೈಕುಂಠ ಸಮಾರಾಧನೆ ಕಳೆದ ಮೇಲೆ ಡ್ರೈವರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ನನ್ನ ಮಾತಿನ ಸುದ್ದಿ ಅವರಿಗೆ ಮುಟ್ಟಿತ್ತು. ಆದರೂ ಅದನ್ನೆತ್ತಲಿಲ್ಲ.

“ನಿಮ್ಮ ಮಾತು ಮೀರಿ ನಾನು ನಿಲ್ಲಿಸ್ಬೇಕಿತ್ತು ಸ್ವಾಮಿ” ಎಂದರು, ಅಷ್ಟೆ.

ನಾನು ತಲೆ ತಗ್ಗಿಸಿ ಒಳಗೆ ಹೋದೆ.

ಅವರು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಮಾರುಕಟ್ಟೆಯಲ್ಲಿ ಬಾಳೆಹಣ್ಣಿನ ಗೊನೆ ಹೊರುತ್ತಿದ್ದರು. ಹಳೇ ರೂಢಿಯಲ್ಲಿ ಯಾರಾದರೂ ಡ್ರೈವರೇ ಎಂದು ಕರೆದರೆ ತಿರುಗುತ್ತಿರಲಿಲ್ಲ. ಕೆಲವು ವರ್ಷದ ಮೇಲೆ ಜ್ವರದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಅವತ್ತು ನಿಜವಾಗ್ಲೂ ಏನಾಯ್ತು ಸ್ವಾಮಿ? ಎಷ್ಟು ಕೇಳಿದ್ರೂ ಅವರು ನಂಗೆ ಹೇಳ್ಲೇ ಇಲ್ಲ.”

“ಎಂಜಿನ್ ಕೆಟ್ಟುಹೋಯ್ತಮ್ಮ” ಎಂದೆ.

ಆಕೆಯೂ ಹೋಗಿ ಈಗ ಬಹಳ ಕಾಲವಾಯಿತು. ಅತ್ತೆಯೂ ಇಲ್ಲ. ಗಾಡಿ ನಿಲ್ಲಿಸಬೇಡಿ ಎಂದವನು ನಾನು. ಈ ಮಾತನ್ನು ಕೇಳಬೇಕಾಗಿದ್ದವರು ಒಬ್ಬರೂ ಉಳಿದಿಲ್ಲ.