ಉಸ್ತಾದರ ಎಡಗಾಲು

ನಾನು ಶಾಲೆ ಬಿಟ್ಟದ್ದು 2003ರಲ್ಲಿ, ಒಂಬತ್ತನೆಯ ತರಗತಿಯ ಅರ್ಧಕ್ಕೆ. ಆ ವರ್ಷವೇ ಗೋಳಗುಮ್ಮಟದ ಹಿಂದಿನ ಗ್ಯಾರೇಜಿಗೆ ಸೇರಿದೆ. ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗ್ಯಾರೇಜಿನ ಹಿರಿಯ ಮೇಸ್ತ್ರಿಯ, ನಾವೆಲ್ಲ ಉಸ್ತಾದರೆನ್ನುತ್ತಿದ್ದವರ, ಎಡಗಾಲು. ಬೆರಳ ಸಂದಿಯಲ್ಲೆಲ್ಲ ಗ್ರೀಸು, ಅಂಗಾಲು ಮಾತ್ರ ತೊಳೆದ ತಟ್ಟೆಯಂತೆ ಸ್ವಚ್ಛ. ಕ್ಲಚ್ ತುಳಿಯುವ ಮುನ್ನ ಎಡಗಾಲ ಚಪ್ಪಲಿ ಕಳಚಿ ಕಾರಿನ ಹೊರಗೆ ಬಿಡುತ್ತಿದ್ದರು.

"ಬಿಚ್ಚೂದು ಯಾರ ಬೇಕಾದ್ರೂ ಬಿಚ್ತಾರ. ಮೊದ್ಲ ಕಾಲಿಲೆ ಕೇಳು, ಆಮ್ಯಾಲ ಪಾನಾ ಹಿಡಿ" ಎನ್ನುತ್ತ ನನ್ನ ಕೈಯ ಸ್ಪ್ಯಾನರು ಕಸಿಯುವರು. ಮೂರನೆಯ ಗೇರು ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಮೆಲ್ಲಗೆ ಬಿಡುವರು. ಎಂಜಿನ್ ಗಕ್ಕನೆ ನಿಂತರೆ ಪ್ಲೇಟು ಗಟ್ಟಿ, ಓಡುತ್ತಲೇ ಇದ್ದರೆ ಸವೆದಿದೆ. ತುಳಿದಾಗ ಸದ್ದು ಬಂದರೆ ಬೇರಿಂಗು. ಪೆಡಲು ಸ್ಪಂಜಿನಂತಾದರೆ ಎಣ್ಣೆಯ ಪೈಪಿನಲ್ಲಿ ಗಾಳಿ. ಇಷ್ಟನ್ನು ನನ್ನ ಕಾಲಿಗೆ ಕಲಿಸಲು ಅವರು ವರ್ಷಗಟ್ಟಲೆ ಬೈದರು.

ನಾನು ತಿಕೋಟಾದಲ್ಲಿ ಸ್ವಂತ ಗ್ಯಾರೇಜು ಹಾಕುವ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲನ್ನೇ ತೆಗೆದಿದ್ದರು. ನೋಡಲು ಹೋದವನು ಮಂಚದ ಬಳಿ ಕೂತು ಕಣ್ಣೊರೆಸಿಕೊಂಡೆ.

"ಯಾಕ ಅಳಾಕತ್ತೀಲೇ? ಚಪ್ಪಲಿ ಕಳಿಯೂ ತ್ರಾಸ ತಪ್ಪಿತು ನೋಡು" ಎಂದು ಅವರೇ ನಕ್ಕರು.

ಆಮೇಲೊಂದು ದಿನ ಬಬಲೇಶ್ವರದ ದ್ರಾಕ್ಷಿ ಬೆಳೆಗಾರರೊಬ್ಬರು ಕೆಂಪು ಕಾರು ತಂದರು. ಆರು ಗೇರು, ಟರ್ಬೊ ಎಂಜಿನ್ನು, ಓಟಕ್ಕೆಂದೇ ಮಾಡಿದ ಗಾಡಿ. ರಿವರ್ಸ್ ಹಾಕಿದರೆ ಕರ್ರನೆ ಕಿರುಚುತ್ತಿತ್ತು. ಪೂರ್ತಿ ಕ್ಲಚ್ ಬದಲಿಸಬೇಕೆಂದು ಬೇರೊಂದು ಕಡೆ ಹೇಳಿದ್ದರಂತೆ. ಅಂಥ ಗಾಡಿ ನನ್ನಲ್ಲಿಗೆ ಬಂದದ್ದು ಅದೇ ಮೊದಲು. ಸುಮ್ಮನೆ ಬಿಚ್ಚಿ ಕೆಡಿಸಿದೆನೆಂದು ಸುದ್ದಿಯಾದರೆ ಮತ್ತೊಬ್ಬರು ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಮೂರನೆಯ ಗೇರಿನಲ್ಲಿ ಪ್ಲೇಟು ಪರೀಕ್ಷಿಸಿದೆ, ಗಟ್ಟಿಯಿತ್ತು. ಪೈಪಿನಲ್ಲಿ ಗಾಳಿಯೂ ಇರಲಿಲ್ಲ. ಉಳಿದದ್ದು ಗೇರ್‌ಬಾಕ್ಸ್ ಇಳಿಸುವುದು. ಧೈರ್ಯ ಸಾಲದೆ ಉಸ್ತಾದರನ್ನು ಕರೆಸಿದೆ.

ಆಟೊದಲ್ಲಿ ಬಂದರು. ಕೋಲೂರಿ ಇಳಿದು, ನನ್ನನ್ನು ಕಾರಿನ ಸ್ಟೇರಿಂಗಿನ ಮುಂದೆ ಕೂರಿಸಿ, ಪಕ್ಕದ ಸೀಟಿನಲ್ಲಿ ತಾವು ಕುಳಿತರು.

ಬೆಳೆಗಾರರಿಗೆ ಅನುಮಾನ. "ಇವ್ರಿಗೆ ಕಾಲ ಇಲ್ಲಲ್ರಿ, ಹೆಂಗ ನೋಡ್ತಾರ?"

"ಇವನವ ಎರಡ ಅದಾವಲ್ರಿ" ಎಂದ ಉಸ್ತಾದರು ನನ್ನತ್ತ ತಿರುಗಿದರು. "ದೊಡ್ಡ ಮೇಸ್ತ್ರಿ ಆಗೀಯೇನಲೇ? ಬೂಟ ಕಳಿ."

ದಪ್ಪ ಅಟ್ಟೆಯ ಬೂಟು ಕಳಚಿ, ಬರಿಗಾಲಲ್ಲಿ ಪೂರ್ತಿ ತುಳಿದೆ.

"ತಳದಾಗ ಏನ ಹತ್ತಿತು?"

"ಮೆತ್ತಗ ಐತ್ರಿ ಉಸ್ತಾದ್ರ."

"ಗಾಡಿ ತಳಾ ಮೆತ್ತಗ ಇರತೈತೇನು? ಮ್ಯಾಟ್ ಎತ್ತು."

ರಬ್ಬರ್ ಮ್ಯಾಟಿನ ಕೆಳಗೆ ನಾಲ್ಕು ಮಡಿಕೆಯ ಕರಿ ಕಂಬಳಿ! ಪೆಡಲು ಅದಕ್ಕೆ ತಾಗಿ ಮೇಲೆಯೇ ನಿಲ್ಲುತ್ತಿತ್ತು, ಗೇರು ಎಂಜಿನ್ನಿನಿಂದ ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ಕಂಬಳಿ ತೆಗೆದು ರಿವರ್ಸ್ ಹಾಕಿದೆ. ಸದ್ದಿಲ್ಲದೆ ಕೂತಿತು.

"ತ್ವಾಟದ ರಾಡಿ ಹತ್ತಬಾರದಂತ ನಾನಽ ಹಾಸಿದ್ನಿರಿ" ಎಂದು ಬೆಳೆಗಾರರು ತಲೆ ಕೆರೆದುಕೊಂಡರು.

"ನೀವಽ ಹೊತ್ಕೊಂಡ ಮಲಗ್ರಿ ಸಾವ್ಕಾರ್ರ, ಗಾಡಿಗೆ ಥಂಡಿ ಹತ್ತೂದಿಲ್ಲ" ಎಂದರು ಉಸ್ತಾದರು.

ಆಟೊ ಹತ್ತುವಾಗ ಉಸ್ತಾದರು ನನ್ನ ಬರಿಗಾಲನ್ನು ನೋಡಿದರು. "ನನ್ನ ಕಾಲ ಎಲ್ಲೂ ಹೋಗಿಲ್ಲ ಬಿಡು" ಎಂದರು.

ಮುಂದಿನ ರಂಜಾನಿಗೆ ಅವರಿರಲಿಲ್ಲ. ಮಣ್ಣು ಕೊಟ್ಟು ಬಂದ ದಿನವೂ ಗ್ಯಾರೇಜು ತೆರೆದೆ. ಮುಚ್ಚಿದ್ದರೆ ಬೈಯುತ್ತಿದ್ದರು.

ಈಗ ನನ್ನದೆಂದು ಇರುವುದು ಸ್ವಂತ ಜಾಗದ ಗ್ಯಾರೇಜು ಒಂದು, ಲಿಫ್ಟು ಎರಡು, ಕೆಲಸಗಾರರು ಐವರು. ಬೂಟು ಒಂದು ಜೊತೆ. ಬಲಗಾಲಿನದು ಸವೆದಿದೆ, ಎಡಗಾಲಿನದು ಇನ್ನೂ ಹೊಸದರಂತಿದೆ.