ಸದ್ದಿಲ್ಲದ ಬಂಡಿಯ ಮ್ಯಾನೇಜರ್

"ಅಕ್ಕಾ, ಮೂವತ್ತು ವರ್ಷ ಡೀಸೆಲ್ ಜೀಪು ಮಾರೀನಿ. ಗಿರಾಕಿ ಬಂದ್ರ ಮೊದಲು ಬಾನೆಟ್ ಎತ್ತತಿದ್ದೆ, ಆಯಿಲ್ ಕಡ್ಡಿ ಎಳದು ಒರಸಿ ತೋರಸ್ತಿದ್ದೆ, ಆಮ್ಯಾಲ ಸ್ಟಾರ್ಟ್ ಮಾಡಿ 'ಕೇಳ್ರಿ, ಹುಲಿ' ಅಂತಿದ್ದೆ. ಅಲ್ಲಿಗೆ ಅರ್ಧ ವ್ಯಾಪಾರ ಮುಗೀತಿತ್ತು. ಈ ಕರೆಂಟು ಬಂಡಿಗೆ ಎಳಿಯಾಕ ಕಡ್ಡಿ ಇಲ್ಲ, ಕೇಳಸಾಕ ಸದ್ದಿಲ್ಲ. ಸ್ಟಾರ್ಟ್ ಆಗೇತೋ ಇಲ್ಲೋ ಅಂತ ನಿನ್ನೆ ಇಳದು ಕಿವಿ ಹಚ್ಚಿದೆ. ಒಳಗ ಕುಂತ ಗಿರಾಕಿ ಏನೋ ಒತ್ತಿದ. ಬಂಡಿ ನನ್ನ ಕಿವಿ ಬಿಟ್ಟು ಹೊಂಟು ಹೋತು."

ಹೀಗೆಂದು ನಮ್ಮ ಓಣಿಯ ಮರಿಬಸಪ್ಪ ಕಟ್ಟೆಯ ಮೇಲೆ ಕೂತು ಕಿವಿ ತಿಕ್ಕಿಕೊಂಡ. ಆದೋನಿಯಲ್ಲಿ ಅವನು ಮ್ಯಾನೇಜರಾಗಿದ್ದ ಜೀಪಿನ ಅಂಗಡಿ ಮುಚ್ಚಿದ ಮೇಲೆ, ಆಲೂರು ರಸ್ತೆಯಲ್ಲಿ ಕರೆಂಟಿನ ಗೂಡ್ಸ್ ಆಟೋ ಮಾರುವ ವಾಗೀಶ ಅವನನ್ನು ಕರೆದು ಮ್ಯಾನೇಜರ್ ಕುರ್ಚಿ ಕೊಟ್ಟಿದ್ದ. ತಿಂಗಳಾದರೂ ಒಂದು ಬಂಡಿ ಹೋಗಲಿಲ್ಲ. ಸೋಮವಾರದೊಳಗೆ ಒಂದಾದರೂ ಮಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದುಬಿಟ್ಟಿದ್ದ. ಈ ವಯಸ್ಸಿನಲ್ಲಿ ಅವನನ್ನು ಇನ್ಯಾರು ಕರೆಯುತ್ತಾರೆ?

ಸೋಮವಾರ ನಡೆದದ್ದನ್ನು ವಾಗೀಶನೂ ಹೇಳಿದ, ಮರಿಬಸಪ್ಪನೂ ಹೇಳಿದ. ಇಬ್ಬರ ಮಾತೂ ಕೂಡಿತು, ಅದಕ್ಕೇ ಬರೆಯುತ್ತಿದ್ದೇನೆ.

ಪೆದ್ದಕಡುಬೂರಿನಿಂದ ಕುರಿ ಸಾಕುವ ಭೀಮಲಿಂಗಪ್ಪ ಬಂಡಿ ನೋಡಲು ಬಂದ, ತನ್ನ ಟಗರನ್ನೂ ಕರಕೊಂಡು. ಅವರ ಮನೆತನದಲ್ಲಿ ಹೊಸ ಹಟ್ಟಿಯಾಗಲಿ ಬಂಡಿಯಾಗಲಿ, ಮೊದಲು ಟಗರು ಹೊಕ್ಕು ಮಲಗಬೇಕು. ಅದು ಒಲ್ಲೆ ಅಂದರೆ ಇವರೂ ಒಲ್ಲೆ.

ಟಗರು ಹತ್ತಿತು. ಭೀಮಲಿಂಗಪ್ಪ ಮುಂದೆ, ಓಡಿಸುವ ಮರಿಬಸಪ್ಪನ ಪಕ್ಕ ಕೂತ. ಬಂಡಿ ಹೊರಟಿತು, ಸದ್ದೇ ಇಲ್ಲ. ಇದಕ್ಕೆ ದಮ್ಮಿಲ್ಲ ಅಂದುಕೊಂಡಾನು ಎಂದು ಮರಿಬಸಪ್ಪನಿಗೆ ನಾಚಿಕೆಯಾಗಿ, ಬಾಯಲ್ಲೇ ಡರ್ರ್ ಎಂದು ಶುರುಮಾಡಿದ. ಇಲ್ಲದ ಗೇರನ್ನೂ ಬದಲಿಸಿದ. ಟಗರು ಹಾರಿ ಅಂಗಡಿಗೆ ಓಡಿ ವಾಗೀಶನ ಮೇಜಿನ ಕೆಳಗೆ ಸೇರಿತು. ಮತ್ತೆ ಎತ್ತಿ ಹಾಕಿದರು. ರಸ್ತೆಯ ಉಬ್ಬು ಬಂದೊಡನೆ ಅವನ ಬಾಯಿ ತಾನಾಗಿ ಡರ್ ಎಂದಿತು, ಟಗರು ಮತ್ತೆ ಮೇಜಿನ ಕೆಳಗೆ.

"ಬಂಡಿ ಚಲೋ ಐತಿ ಸಾವ್ಕಾರ್ರ," ಅಂದ ಭೀಮಲಿಂಗಪ್ಪ. "ಇವರ ಬಾಯಾಗ ಡೀಸೆಲ್ ಉಳದೈತಿ."

ವಾಗೀಶ ಎಲೆಅಡಿಕೆ ತರಿಸಿ ಮರಿಬಸಪ್ಪನ ಕೈಗಿಟ್ಟು, "ಮಾಮಾ, ಬಾಯಿ ತುಂಬ ಹಾಕ್ಕೊಳ್ರಿ. ಹೊಸ ಬಂಡ್ಯಾಗ ಉಗುಳಬ್ಯಾಡ್ರಿ," ಅಂದ.

ಗಲ್ಲ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮರಿಬಸಪ್ಪ ಆಲೂರು ರಸ್ತೆಯಲ್ಲಿ ದೂರ ಹೋಗಿಬಂದ. ಹಿಂದೆ ಟಗರು ಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿತ್ತು. ಭೀಮಲಿಂಗಪ್ಪ ಅಲ್ಲೇ ಒಪ್ಪಿಕೊಂಡ.

"ನೀವು ಇಲ್ಲೇ ಕೆಲಸಕ್ಕ ಇರ್ರಿ ಮಾಮಾ," ಅಂದ ವಾಗೀಶ. "ಎಲೆಅಡಿಕೆ ಅಂಗಡಿ ಲೆಕ್ಕಕ್ಕ."

ಮರಿಬಸಪ್ಪ ಹೊರಗೆ ಹೋಗಿ ಉಗುಳಿ ಬಂದ. ಪ್ಯಾಂಟು ಮೊಣಕಾಲಿಗೆ ಮಡಚಿ, ಬಕೆಟ್ಟು ತುಂಬಿಕೊಂಡು, ಕಸಬರಿಗೆಯಿಂದ ಹಿಕ್ಕೆ ಗುಡಿಸಿ ಬಂಡಿ ತೊಳೆಯತೊಡಗಿದ.