ಧಾರೆ ಎರೆದ ಮನೆ

ಓನರಮ್ಮನ ಎಡಗೈ ತೋರುಬೆರಳು ನಡುವೆ ಡೊಂಕಾಗಿತ್ತು. ಚಿಕ್ಕಂದಿನಲ್ಲಿ ರಾಗಿ ಕುಯ್ಯುವಾಗ ಕುಡುಗೋಲು ತಗುಲಿತಂತೆ. ಅರಿಶಿನ ಮೆತ್ತಿ ಬಟ್ಟೆ ಸುತ್ತಿದರು, ಬೆರಳು ಹೇಗೆ ಕೂಡಿಕೊಂಡಿತೋ ಹಾಗೇ ಉಳಿಯಿತು. ಆ ಬೆರಳು ಚಾಚಿ ಅವರು ನಮ್ಮನ್ನು ಬೈದರೆ, ಬೈಗುಳ ಪಕ್ಕದ ಮನೆಯವರಿಗೆ ಹೋದ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯಾಕೆ ಒಂದೆರಡು ಸಲ ನಿಜವಾಗಿಯೂ ಮುನಿಸಿಕೊಂಡದ್ದುಂಟು.

ಇಟ್ಟಮಡುವಿನ ಅವರ ಮನೆಯ ಮೊದಲ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಮಿಷನ್ ಸದ್ದು ನಿಂತ ಕೂಡಲೇ ಕೆಳಗಿನಿಂದ ಕೂಗು ಬರುತ್ತಿತ್ತು, "ಯಾಕಮ್ಮ, ಊಟಕ್ ಎದ್ಯಾ, ಇಲ್ಲ ದಾರ ಕಿತ್ತೋಯ್ತಾ?" ನಾನು ಏನು ಹೇಳಿದರೂ ಸರಿ, ಸ್ವಲ್ಪ ಹೊತ್ತಿಗೆ ಬಸ್ಸಾರಿನ ಡಬ್ಬಿ ಮೆಟ್ಟಿಲ ಮೇಲೆ ಬಂದು ಕೂತಿರುತ್ತಿತ್ತು. ಆ ರಸ್ತೆಯೆಲ್ಲ ಒಂದು ಕಾಲಕ್ಕೆ ಅವರ ಮನೆತನದ ಹೊಲ. ತಿರುವಿನ ಬೇಕರಿ ಮುಂದೆ ಹಾಯುವಾಗಲೆಲ್ಲ ನನ್ನ ಕಿವಿಯಲ್ಲಿ ಹೇಳುತ್ತಿದ್ದರು, "ನಮ್ ಹುರುಳಿ ಹೊಲದಲ್ಲಿ ನಿಂತ್ಕೊಂಡು ಪಫ್ ತಿಂತಾವ್ರೆ ನೋಡು."

ನಾವು ಬರುವ ಮುಂಚೆಯೇ ಅವರ ಯಜಮಾನರಿಗೆ ಲಕ್ವ ಹೊಡೆದು, ಹಾಸಿಗೆ ಹಿಡಿದು, ವರ್ಷಗಟ್ಟಲೆ ಮಲಗಿ ತೀರಿಕೊಂಡಿದ್ದರು. ಹಿಡಿ ತಿರುಗಿಸಿದರೆ ತಲೆ ಕಡೆ ಮೇಲೇಳುವ ಕಬ್ಬಿಣದ ಮಂಚವೊಂದು ಟೆರೇಸಿನ ಶೀಟಿನಡಿಯಲ್ಲಿ ತುಕ್ಕು ಹಿಡಿಯುತ್ತಿತ್ತು. ಬಟ್ಟೆ ಒಣಗಿಸುವಾಗ ಒಮ್ಮೆ ಅದನ್ನು ತೋರಿಸಿ ಹೇಳಿದರು, "ಈ ಮಂಚ ನಮ್ ಮಡಿವಾಳದ ಸೈಟ್ ತಿಂದ್ ಹಾಕ್ತು ಕಣಮ್ಮ. ನಾನೂ ಒಂದಿನ ಬೀಳ್ತೀನಿ. ಆವಾಗ ಈ ಮನೆ ತಿನ್ನಕ್ ಬಿಡಲ್ಲ."

ಅವರಿಗಿದ್ದವಳು ಒಬ್ಬಳೇ ಮಗಳು. ವಿಲ್ಸನ್ ಗಾರ್ಡನ್‌ನಲ್ಲಿ ಗಂಡನ ಜೊತೆ ಬಾಡಿಗೆ ಮನೆಯಲ್ಲಿದ್ದಳು, ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಮನೆಯನ್ನು ಈಗಲೇ ಅವಳ ಹೆಸರಿಗೆ ದಾನಪತ್ರ ಮಾಡಿಬಿಡುತ್ತೇನೆ ಎಂದು ಓನರಮ್ಮ ಹೊರಟಾಗ ಅವಳು ಬೇಡವೆಂದೇ ಹೇಳಿದಳು.

"ನೀನಿರೋವರ್ಗೂ ನಿನ್ ಹೆಸ್ರಲ್ಲೇ ಇರ್ಲಿ ಬಿಡಮ್ಮ."

"ನನ್ ಹೆಸ್ರಲ್ಲಿದ್ರೆ ನಾನ್ ಬಿದ್ ದಿನ ನೀನೇ ಮಾರಿ ಆಸ್ಪತ್ರೆಗೆ ಸುರೀತೀಯ. ನಂಗೊತ್ತಿಲ್ವಾ ನಿನ್ ಬುದ್ಧಿ?"

ಬನಶಂಕರಿಯ ಲಾಯರ್ ಹತ್ತಿರ ಹೋಗುವಾಗ ಸಾಕ್ಷಿ ಹಾಕಲು ನನ್ನನ್ನೂ ಕರೆದುಕೊಂಡು ಹೋದರು. ಲಾಯರ್ ಒಳ್ಳೆಯ ಮನುಷ್ಯ. ಪತ್ರದ ಕರಡು ಓದಿ ಹೇಳಿದರು, ಬದುಕಿರುವವರೆಗೂ ಬಾಡಿಗೆ ಅಮ್ಮನಿಗೇ ಸೇರಬೇಕು, ಅವರ ಆರೈಕೆಯ ಹೊಣೆ ಮಗಳದು ಅಂತ ಒಂದು ಸಾಲು ಸೇರಿಸಿದ್ದೇನೆ ಎಂದು. ಓನರಮ್ಮನ ಮುಖ ಕೆಂಪಾಯಿತು.

"ಹೆತ್ತ ಮಗಳಿಗ್ ಕೊಡ್ತಾ, ನಂಗ್ ಊಟ ಹಾಕು ಅಂತ ಬರೆಸ್ಕೊಳ್ಳೋದಾ? ಅವಳನ್ನ ಧಾರೆ ಎರೆದು ಕೊಟ್ಟಾಗ ಷರತ್ತು ಹಾಕಿದ್ವಾ?"

"ಅದು ಮದುವೆ ಅಮ್ಮ. ಇದು ಆಸ್ತಿ."

"ನಂಗೆ ಎರಡೂ ಒಂದೇ ಸ್ವಾಮಿ. ತೆಗೆದ್ಬಿಡಿ."

ಮಗಳು ಸಾಲು ಇರಲಿ ಎಂದಳು, ನಾನೂ ಇರಲಿ ಎಂದೆ. ಯಾರ ಮಾತೂ ನಡೆಯಲಿಲ್ಲ, ಸಾಲು ಹೋಯಿತು.

ರಿಜಿಸ್ಟ್ರೇಷನ್ ದಿನ ಬೆಳಿಗ್ಗೆ ಮನೆಯಿಂದ ಹೊರಡುವ ಮುಂಚೆ ತುಳಸಿಕಟ್ಟೆ ಹತ್ತಿರ ಮಗಳನ್ನು ನಿಲ್ಲಿಸಿದರು. ಅವಳ ಬೊಗಸೆಯಲ್ಲಿ ಮನೆಯ ಬೀಗದ ಕೈ, ಒಂದು ದಳ ತುಳಸಿ ಇಟ್ಟು, ಚೊಂಬಿನಿಂದ ನೀರೆರೆದರು. ಮನೆಯನ್ನು ಹೀಗೆ ಧಾರೆ ಎರೆದು ಕೊಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಡೊಂಕು ಬೆರಳಿಗೆ ತಾಗಿದ ನೀರು ದಿಕ್ಕು ತಪ್ಪಿ ನನ್ನ ಸೀರೆ ಮೇಲೆ ಬಿತ್ತು. "ನಿಂಗೂ ಒಂಚೂರ್ ಪಾಲ್ ಬಂತು ನೋಡು" ಎಂದು ನಕ್ಕರು. ಅವರ ಪಾಲಿಗೆ ಮನೆ ಕೈಬಿಟ್ಟದ್ದು ಆ ಕ್ಷಣದಲ್ಲೇ. ಕಚೇರಿಯಲ್ಲಿ ಹಾಕಿದ ಸಹಿ ಸರ್ಕಾರದ ಸಮಾಧಾನಕ್ಕೆ ಅಷ್ಟೆ.

ಆಮೇಲೆ ನೋಡಬೇಕಿತ್ತು ಅವರನ್ನು. ಬಾಡಿಗೆ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು, "ನನಗ್ಯಾಕೆ? ಓನರ್‌ಗೆ ಕೊಡು." ಹಿತ್ತಲ ಕರಿಬೇವು ಕೀಳಬೇಕಾದರೂ ಮಗಳಿಗೆ ಫೋನ್ ಮಾಡುತ್ತಿದ್ದರು. "ಒಂದ್ ಎಸಳು ಕಿತ್ಕೊಳ್ಳಲಾ?" ಅವಳು ಆ ಕಡೆಯಿಂದ ಕಿರುಚುತ್ತಿದ್ದಳು, ಈ ಕಡೆ ನಾವೆಲ್ಲ ನಗುತ್ತಿದ್ದೆವು. ಅವರದೆಂದು ಉಳಿದದ್ದು ಬ್ಯಾಂಕಿನ ಸಣ್ಣ ಠೇವಣಿಯೊಂದೇ. ಅದರ ಬಡ್ಡಿಯಲ್ಲಿ ಒಂದು ಹೊಟ್ಟೆ ನಡೆಯುತ್ತಿತ್ತು. ಅವತ್ತು ನಾವು ನಕ್ಕದ್ದನ್ನು ನೆನೆಸಿಕೊಂಡರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಠೇವಣಿ ಅದಕ್ಕೇ ಮುಗಿಯಿತು. ದಿನವೂ ಯಾರಾದರೂ ಬಂದು ವ್ಯಾಯಾಮ ಮಾಡಿಸಬೇಕು, ನೋಡಿಕೊಳ್ಳಲು ಹಗಲೂ ರಾತ್ರಿ ಒಬ್ಬರು ಬೇಕು, ಹೀಗೆ ತಿಂಗಳುಗಟ್ಟಲೆ ಮಾಡಿದರೆ ಮತ್ತೆ ನಡೆಯುತ್ತಾರೆ ಎಂದರು ಡಾಕ್ಟರು. ಟೆರೇಸಿನ ಮಂಚ ಕೆಳಗಿಳಿಯಿತು. ಅದರ ಮೇಲೆ ಮಲಗಿಸಿದಾಗ ಓನರಮ್ಮ ನನ್ನನ್ನೇ ನೋಡಿದರು.

ಮಗಳು ಓಡಾಡಿ ಎಲ್ಲ ಗೊತ್ತು ಮಾಡಿದಳು. ವ್ಯಾಯಾಮದವನು ಬಂದ, ನೋಡಿಕೊಳ್ಳುವ ಹೆಂಗಸು ಬಂದಳು. ಕೆಲವು ದಿನ ಕಳೆದ ಮೇಲೆ ಓನರಮ್ಮ ಕೇಳಿದರು, "ಇವರಿಗೆಲ್ಲ ಎಲ್ಲಿಂದ ಕೊಡ್ತಿದೀಯ?" ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಬಾಡಿಗೆ ದುಡ್ಡಮ್ಮ. ಸಾಲ್ದಿದ್ರೆ ಮನೆ ಮೇಲೆ ಲೋನ್ ತಗೋತೀನಿ."

"ಧಾರೆ ಎರೆದಿದ್ದನ್ನ ನಂಗೇ ತಿನ್ನಿಸ್ತೀಯಾ? ಕೊಟ್ಟು ಕಿತ್ಕೊಂಡ ಪಾಪ ನಂಗ್ ಬೇಡ."

"ಅದು ನನ್ ಮನೆ ಅಮ್ಮ. ನಾನೇನ್ ಬೇಕಾದ್ರೂ ಮಾಡ್ತೀನಿ."

"ಮಾಡು. ನಾನ್ ಹೋದ್ಮೇಲೆ."

ಮಗಳು ಶಾಲೆಗೆ ಹೋದ ಹೊತ್ತು ನೋಡಿ ವ್ಯಾಯಾಮದವನಿಗೆ ನಾಳೆಯಿಂದ ಬರಬೇಡಪ್ಪ ಎಂದುಬಿಟ್ಟರು. ಅವಳು ಮತ್ತೆ ಕರೆಸಿದರೆ ಕಾಲು ಮುಟ್ಟಗೊಡಲಿಲ್ಲ. ನೋಡಿಕೊಳ್ಳುವ ಹೆಂಗಸು ಬಾಯಿಗಿಟ್ಟ ಅನ್ನವನ್ನು ಉಗಿದರು. ಆಕೆ ಅಳುತ್ತಾ ಕೆಲಸ ಬಿಟ್ಟು ಹೋದಳು. ಮಗಳು ಬಂದು ತಿನ್ನಿಸಿದರೆ ಮಾತ್ರ ತಿನ್ನುತ್ತಿದ್ದರು, ನಾನು ಗಂಜಿ ಕೊಟ್ಟರೆ ಕುಡಿಯುತ್ತಿದ್ದರು. ದುಡ್ಡು ಕೊಟ್ಟು ತಂದ ಕೈ ಯಾವುದೂ ಅವರಿಗೆ ಆಗಲಿಲ್ಲ. ನಾವಿಬ್ಬರೇ ಎಷ್ಟೆಂದು ಎತ್ತುವುದು, ಎಷ್ಟೆಂದು ಮಗ್ಗುಲು ಬದಲಿಸುವುದು?

ಒಂದು ದಿನ ನಾನು ತಡೆಯಲಾರದೆ ಜಗಳಕ್ಕೇ ನಿಂತೆ. "ನಿಮ್ ಮಗಳು ಮನೆ ಕೇಳಿದ್ಲಾ ಆಂಟಿ? ಅಮ್ಮ ಬೇಕು ಅಂತಿದ್ದಾಳೆ ಪಾಪ."

ಅವರು ಸೂರಿನತ್ತ ಕಣ್ಣೆತ್ತಿದರು. "ಅಮ್ಮ ಎಷ್ಟ್ ದಿನ ಇರ್ತಾಳೆ ಹೇಳು. ಮನೆ ಇರುತ್ತೆ."

ಕಾಲು ಮರಗಟ್ಟಿತು, ಬೆನ್ನು ಹುಣ್ಣಾಯಿತು, ಕೊನೆಗೆ ಎದೆಯಲ್ಲಿ ಕಫ ಕಟ್ಟಿತು. ಸಂಕ್ರಾಂತಿಗೆ ಇನ್ನೂ ಸ್ವಲ್ಪ ದಿನವಿದೆ ಅನ್ನುವಾಗ ಹೋಗಿಬಿಟ್ಟರು. ಮನೆಯ ಮೇಲೆ ಒಂದು ಪೈಸೆ ಸಾಲವಿರಲಿಲ್ಲ.

ತಿಥಿ ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೆ ಮಗಳು ನನ್ನ ಮೆಟ್ಟಿಲ ಮೇಲೆ ಕೂತಿದ್ದಳು, ಡಬ್ಬಿ ಬಂದು ಕೂರುತ್ತಿದ್ದ ಜಾಗದಲ್ಲಿ. "ಅಕ್ಕ, ಇದರಲ್ಲಿ ಒಂದ್ ರೂಮಿನಷ್ಟು ಖರ್ಚು ಮಾಡಿದ್ರೂ ಅಮ್ಮ ಕೋಲ್ ಹಿಡ್ಕೊಂಡಾದ್ರೂ ಓಡಾಡ್ತಿದ್ಲು. ಈ ಮನೇಲಿ ನಾನ್ ಹೆಂಗಿರ್ಲಿ ಹೇಳಿ." ಅವಳು ಇವತ್ತಿಗೂ ಆ ಮನೆಗೆ ವಾಸಕ್ಕೆ ಬಂದಿಲ್ಲ, ಮಾರಿಯೂ ಇಲ್ಲ. ಕೆಳಗಿನ ಮನೆಗೆ ಬೀಗ. ಕರಿಬೇವು ಕಾಂಪೌಂಡ್ ದಾಟಿ ಬೆಳೆದಿದೆ, ದಾರಿಹೋಕರು ಯಾರನ್ನೂ ಕೇಳದೆ ಕಿತ್ತುಕೊಂಡು ಹೋಗುತ್ತಾರೆ.

ನಾನೂ ನನ್ನ ಮಗನೂ ಈಗ ಜೆ.ಪಿ. ನಗರದಲ್ಲಿ ಒಂದು ಪುಟ್ಟ ಫ್ಲಾಟಿನಲ್ಲಿದ್ದೇವೆ. ಗಂಡ ತೀರಿಕೊಂಡ ಮೇಲೆ ಅದು ನನ್ನ ಹೆಸರಿಗೆ ಬಂತು. ಹೋದ ವರ್ಷ ನಾನು ಅದೇ ಲಾಯರ್ ಹತ್ತಿರ ಹೋಗಿ ವಿಲ್ ಬರೆಸಿದೆ. ನಾನಿರುವವರೆಗೆ ಮನೆ ನನ್ನದು, ನನ್ನ ಆರೈಕೆಗೆ ಬೇಕಾದರೆ ಅಡ ಇಡುತ್ತೇನೆ, ಮಾರುತ್ತೇನೆ, ಉಳಿದರೆ ಮಗನಿಗೆ. ಅವನು ಓದಿ ಮುಖ ಸಣ್ಣದು ಮಾಡಿಕೊಂಡ. "ಇದನ್ನೆಲ್ಲ ಬರೆಸ್ಬೇಕಾ ಅಮ್ಮ? ನಾನ್ ನೋಡ್ಕೊಳ್ಳಲ್ವಾ?"

"ನೀನ್ ನೋಡ್ಕೋತೀಯ ಕಣೋ. ನಾನೇ ಬೇಡ ಅಂದ್ಬಿಟ್ರೆ? ಅವತ್ತು ಇದನ್ನ ನನ್ ಮುಖಕ್ ಹಿಡಿ" ಎಂದೆ.

ಓನರಮ್ಮನಿಗೆ ಇದು ತಿಳಿದಿದ್ದರೆ, ಎಂಥ ತಾಯಿ ನೀನು ಎಂದು ಆ ಡೊಂಕು ಬೆರಳು ಚಾಚುತ್ತಿದ್ದರು. ಬೈಯಲಿ. ತಮ್ಮ ಕಾಲ ಮೇಲೆ ನಿಂತು ಬೈಯುವುದಾದರೆ, ಈಗಲೇ ಇಟ್ಟಮಡುವಿಗೆ ಹೋಗಿ ಬೈಸಿಕೊಂಡು ಬಂದೇನು.